ಮೂವತ್ತರ ಹರೆಯದ ಎದೆಗಳನ್ನು ಕಾಯ್ದ ಡಾ. ತ್ರಿಶಲಾ ಮಗದುಮ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಲೂಪಸ್ ಎಂಬ ಕಾಯಿಲೆಯ ಹೆಸರನ್ನು ಜನರ ಬಾಯಿಗೆ ತಂದವರು ಡಾ. ತ್ರಿಶಲಾ ಮಗದುಮ್. ಅದು ಕೆನ್ನೆಯ ಕೆಂಪು ಗಂದೆಯಲ್ಲಿ, ಕೀಲುನೋವಿನಲ್ಲಿ ಮುಗಿಯುವುದಿಲ್ಲ, ಎದೆಯ ರಕ್ತನಾಳಗಳಿಗೂ ಅಕಾಲದ ಮುಪ್ಪು ತರುತ್ತದೆ ಎಂದು ಇಲ್ಲಿ ಮೊದಲು ಎಚ್ಚರಿಸಿದವರೂ ಅವರೇ. ಮೂರು ದಶಕಗಳ ಸರಕಾರಿ ಸೇವೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಹಾರತುರಾಯಿಗಳನ್ನು ಕಂಡರೆ ಮುಖ ಸಿಂಡರಿಸುವ ಅವರ ಸ್ವಭಾವವನ್ನು ಬಲ್ಲ ಸಹೋದ್ಯೋಗಿಗಳು, ಹೊಗಳಿಕೆಗಿಂತ ನಡೆದದ್ದನ್ನು ಹೇಳುವುದೇ ಉಚಿತವೆಂದು ಭಾವಿಸಿದ್ದಾರೆ.

ತೇರದಾಳದ ಜೈನ ಮನೆತನದಲ್ಲಿ ಹುಟ್ಟಿದ ತ್ರಿಶಲಾ ಅವರಿಗೆ ಲೂಪಸ್ ಪರಿಚಯವಾದದ್ದು ಹುಬ್ಬಳ್ಳಿಯಲ್ಲಿ ಎಂ.ಡಿ. ಓದುವಾಗ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುತ್ತದೆ. ಆ ಕಾದಾಟದಲ್ಲಿ ಹುಟ್ಟುವ ಆಮ್ಲಜನಕದ ಉಗ್ರ ಕಣಗಳನ್ನು ತಣಿಸುವ ಶಕ್ತಿ ದೇಹಕ್ಕೆ ಸಾಲದಾದಾಗ ರಕ್ತದೊಳಗಿನ ಕೊಬ್ಬು ಕೆಡುತ್ತದೆ, ನಾಳಗಳ ಒಳಪದರ ಗಾಸಿಗೊಳ್ಳುತ್ತದೆ, ಕೆಟ್ಟ ಕೊಬ್ಬು ಅಲ್ಲಿಯೇ ಕೂತು ದಾರಿ ಕಿರಿದಾಗುತ್ತದೆ. ಇದನ್ನೇ ವೈದ್ಯರು ಆಕ್ಸಿಡೇಟಿವ್ ಒತ್ತಡದ ಹಾನಿ ಎನ್ನುತ್ತಾರೆ. ಅದರ ಮೇಲೆಯೇ ಪ್ರಬಂಧ ಬರೆದ ತ್ರಿಶಲಾ ಅವರು, ದೊಡ್ಡ ಊರುಗಳ ಕರೆ ಬಂದರೂ ಒಲ್ಲೆನೆಂದು ಜಮಖಂಡಿಯ ಸರಕಾರಿ ಆಸ್ಪತ್ರೆಗೆ ಬಂದರು. ಲೂಪಸ್ ಬಂದ ಹೆಣ್ಣುಮಕ್ಕಳು ಇಲ್ಲಿಯೂ ಇರಲೇಬೇಕು, ಗುರುತಿಸುವವರು ಇಲ್ಲ ಅಷ್ಟೇ ಎಂಬುದು ಅವರ ನಂಬಿಕೆಯಾಗಿತ್ತು.

ಆ ನಂಬಿಕೆ ಪರೀಕ್ಷೆಗೆ ಒಳಗಾದದ್ದು ರಬಕವಿಯ ಸುವರ್ಣಾಳಿಂದ. ಗಂಡ ಶಿವಾಜಿಯೊಡನೆ ಮನೆಯಲ್ಲಿಯೇ ಪವರ್‌ಲೂಮ್ ನಡೆಸುತ್ತಿದ್ದ ಆಕೆಗೆ ಮೂವತ್ತರ ಹರೆಯ. ಲೂಪಸ್ ಇದೆಯೆಂದು ಗುರುತಿಸಿ ಔಷಧ ಆರಂಭಿಸಿದವರು ತ್ರಿಶಲಾ ಅವರೇ. ಕಬ್ಬಿನ ಹಂಗಾಮಿನ ಒಂದು ಮಧ್ಯಾಹ್ನ ಆಕೆಗೆ ಎದೆ ಬಿಗಿದು, ದವಡೆ ಹಿಡಿದು, ಮೈಯೆಲ್ಲ ಬೆವೆತಿತು. ಹತ್ತಿರದ ವೈದ್ಯರೊಬ್ಬರು ಗ್ಯಾಸಿನ ಗುಳಿಗೆ ಕೊಟ್ಟು ಕಳುಹಿಸಿದ್ದರು. ನೋವು ಕಡಿಮೆಯಾಗದೆ ಜಮಖಂಡಿಗೆ ಕರೆತಂದಾಗ ಮೊದಲ ಇಸಿಜಿಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಶಿವಾಜಿ ಹೊರಡಲು ಎದ್ದುನಿಂತ.

"ಮನಿಗೆ ಕರಕೊಂಡು ಹೋಗತೀವ್ರಿ ಮೇಡಂ. ಇಷ್ಟ ಸಣ್ಣ ವಯಸ್ಸಿನಾಕಿಗೆ ಎಲ್ಲಿ ಹಾರ್ಟ್ ಅಟ್ಯಾಕ್ ಆಗತೈತ್ರಿ?"

"ಲೂಪಸ್ ಇದ್ದಾಕಿಗೆ ಮೂವತ್ತು ಅಂದ್ರ ಖರೆ ಮೂವತ್ತಲ್ಲಪಾ. ಒಳಗಿನ ರಕ್ತನಾಳಕ್ಕ ಐವತ್ತು ದಾಟಿರಬಹುದು. ನಾ ಬಿಡೂದಿಲ್ಲ, ಕೂಡು."

ಸ್ವಲ್ಪ ಹೊತ್ತಿನಲ್ಲಿ ತೆಗೆದ ಎರಡನೆಯ ಇಸಿಜಿ ಅವರ ಅನುಮಾನವನ್ನು ದಿಟವಾಗಿಸಿತು. ಹೃದಯಾಘಾತ. ಬಾಗಲಕೋಟೆಗೆ ಒಯ್ಯಬೇಕಾಗಿತ್ತು. ಕೊಡಬೇಕಾದ ಔಷಧ ಕೊಟ್ಟು, ಬೇರೆಯವರನ್ನು ಕಳುಹಿಸಬಹುದಾಗಿದ್ದರೂ ತ್ರಿಶಲಾ ಅವರು ತಾವೇ ಆಂಬುಲೆನ್ಸ್ ಹತ್ತಿದರು. ಬೀಳಗಿಯ ದಾರಿಯಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು. ಸೈರನ್ ಕೂಗಿದಷ್ಟೂ ಸುವರ್ಣಾಳ ಕಣ್ಣುಗಳಲ್ಲಿ ಭೀತಿ ಹೆಚ್ಚುತ್ತಿತ್ತು.

"ಮೇಡಂ, ನಾ ಉಳೀತೇನ್ರಿ?"

"ಉಳಸಾಕಂತನ ಸಂಗಾಟ ಬಂದೇನಿ. ಮಾತಾಡಬ್ಯಾಡ ತಂಗಿ, ನನ್ನ ಕೈ ಹಿಡಿ."

ಕೈಯನ್ನು ಅವರು ಬಾಗಲಕೋಟೆಯ ಆಪರೇಷನ್ ಕೋಣೆಯ ಬಾಗಿಲವರೆಗೂ ಬಿಡಲಿಲ್ಲ. ಧೈರ್ಯದ ಮಾತು ಆಡಿದ್ದರೂ ಅವರೊಳಗೆ ಅಳುಕಿತ್ತೆಂದು ಮುಂದೊಮ್ಮೆ ಅವರೇ ಹೇಳಿದ್ದಾರೆ. ಸ್ಟೆಂಟ್ ಹಾಕಿ, ಜೀವಕ್ಕೆ ಅಪಾಯವಿಲ್ಲವೆಂದು ತಿಳಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಶಿವಾಜಿ ಚಹಾ ಬಿಸ್ಕತ್ತು ತಂದು ಮುಂದೆ ಹಿಡಿದ. ಸೂರ್ಯಾಸ್ತದ ಮೇಲೆ ಏನನ್ನೂ ಸೇವಿಸದ ವ್ರತ ಅವರದು. "ನೀ ಕುಡಿಯಪಾ. ಮುಂಜಾನೆ ಸುವರ್ಣಾನ ಸಂಗಾಟ ನಾನೂ ಕುಡೀತೀನಿ" ಎಂದರು, ಹಾಗೆಯೇ ಮಾಡಿದರು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಮರಳಿದ ಮೇಲೆ ಸುವರ್ಣಾ ಔಷಧಿಗೆ ಬರುವುದನ್ನೇ ನಿಲ್ಲಿಸಿದಳು. ತ್ರಿಶಲಾ ಅವರು ಬಸ್ಸು ಹಿಡಿದು ರಬಕವಿಗೆ ಹೋದರು. ಅತ್ತೆ ಯಂಕವ್ವ ಕಟ್ಟೆಯ ಮೇಲೆ ಕೂತು ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದರು. ಹುರಿದ ತಂಬಾಕಿನ ಆ ಪುಡಿಯ ಚಟ ಸೊಸೆಗೂ ಇತ್ತು.

"ಗುಳಿಗಿ ತಿಂದ ತಿಂದ ಎದಿ ಕೆಟ್ಟೈತ್ರೀ ಬಾಯಾರ. ಅದಕ್ಕ ನಾನ ಬಿಡಸೇನಿ" ಎಂದರು ಯಂಕವ್ವ.

ತ್ರಿಶಲಾ ಅವರು ಸಿಟ್ಟಾಗಲಿಲ್ಲ. ಪಕ್ಕದಲ್ಲಿಯೇ ಕೂತು, ಕಾಯಿಲೆ ಹೊರಗೆ ತಣ್ಣಗಿದ್ದಾಗಲೂ ಒಳಗೆ ನಾಳಗಳನ್ನು ಸುಡುತ್ತಿರುತ್ತದೆಂದೂ, ಗುಳಿಗೆ ಆ ಉರಿಯನ್ನು ಇಳಿಸುತ್ತದೆಂದೂ, ತಂಬಾಕು ಅದನ್ನು ಏರಿಸುತ್ತದೆಂದೂ ತಿಳಿಸಿ ಹೇಳಿದರು.

"ಹಂಗಾರ ಈ ಮಿಶ್ರಿನೂ ಆಕಿ ಎದಿ ತಿಂತೈತೇನ್ರಿ?"

"ಹೌದ್ರೀ ಯಂಕವ್ವ. ನೀವು ತಿಕ್ಕೂತನಕ ಆಕಿ ಬಿಡೂದಿಲ್ಲ."

ಯಂಕವ್ವ ಎದ್ದು ಮಿಶ್ರಿಯ ಡಬ್ಬಿಯನ್ನು ಗಟಾರಕ್ಕೆ ಸುರುವಿ, "ನನಗೂ ಸೊಸಿ ಬೇಕ್ರೀ" ಎಂದರು. ಮುಂದಿನ ವಾರ ಸೊಸೆಯನ್ನು ಆಸ್ಪತ್ರೆಗೆ ಕರೆತಂದವರು ಅವರೇ.

ಅಲ್ಲಿಂದ ಆರಂಭವಾದದ್ದು ಗುರುವಾರದ ಲೂಪಸ್ ಚಿಕಿತ್ಸಾಲಯ. ಹಿಪ್ಪರಗಿಯಿಂದ, ಬೀಳಗಿಯಿಂದ ಹೆಣ್ಣುಮಕ್ಕಳು ಬರತೊಡಗಿದರು. ಮುಧೋಳದ ಸ್ಕ್ಯಾನಿಂಗ್ ತಜ್ಞ ಡಾ. ರಾಜಕುಮಾರ ಅವರು ಸ್ವಇಚ್ಛೆಯಿಂದ ಬಂದು, ಎದೆಯ ನಾಳಗಳ ಸ್ಥಿತಿಯ ಸುಳಿವು ಕೊಡುವ ಕುತ್ತಿಗೆಯ ರಕ್ತನಾಳಗಳನ್ನು ಆ ಹೆಣ್ಣುಮಕ್ಕಳಲ್ಲಿ ಪರೀಕ್ಷಿಸಿದರು. ಎದೆನೋವೆಂದರೇನೆಂದು ಅರಿಯದವರಲ್ಲಿಯೂ ನಾಳದ ಗೋಡೆ ದಪ್ಪವಾಗಿದ್ದುದು ಕಂಡುಬಂತು. ರಕ್ತದೊತ್ತಡ, ಕೊಬ್ಬು, ಮೂತ್ರಪಿಂಡಗಳ ತಪಾಸಣೆ ಎಲ್ಲರಿಗೂ ತಪ್ಪದೆ ನಡೆಯಿತು. ಆಕ್ಸಿಡೇಟಿವ್ ಒತ್ತಡ ಇಳಿಸುವ ತುಟ್ಟಿ ಟಾನಿಕ್ಕುಗಳ ಜಾಹೀರಾತು ತೋರಿಸಿ ಕೇಳಿದವರಿಗೆ ತ್ರಿಶಲಾ ಅವರದು ಒಂದೇ ಉತ್ತರ: "ಇದರಿಂದ ಎದಿ ಉಳೀತೈತಿ ಅಂತ ಇನ್ನೂ ಯಾರೂ ತೋರಿಸಿಲ್ಲ. ಬರದ ಕೊಟ್ಟ ಗುಳಿಗಿ ತಪ್ಪಸಬ್ಯಾಡ್ರಿ, ದಿನಾ ನಡೀರಿ, ತಂಬಾಕು ಮುಟ್ಟಬ್ಯಾಡ್ರಿ."

ಗೊತ್ತಿದ್ದದ್ದನ್ನು ಗೊತ್ತಿದೆಯೆಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಹೇಳುವ ಈ ನೇರತನವನ್ನೇ ಅವರು ಕಿರಿಯ ವೈದ್ಯರಿಗೆ ಕಲಿಸಿದರು. ಅವರಲ್ಲೊಬ್ಬರಾದ ಡಾ. ಮನೀಷಾ ಈಗ ಚಿಕಿತ್ಸಾಲಯದ ಹೊಣೆ ಹೊತ್ತಿದ್ದಾರೆ. ಸುವರ್ಣಾ ಕ್ಷೇಮವಾಗಿದ್ದಾಳೆ, ಆಕೆಯ ನಾಳದಲ್ಲಿ ಕೊಬ್ಬು ಮುಂದಕ್ಕೆ ಬೆಳೆದಿಲ್ಲ. ಹೊಸದಾಗಿ ರೋಗ ಗೊತ್ತಾಗಿ ಅಳುತ್ತ ಕೂತವರ ಬಳಿ ಹೋಗಿ, "ನನ್ನ ನೋಡ್ರಿ" ಎಂದಷ್ಟೇ ಹೇಳುತ್ತಾಳೆ.

ಬೀಳ್ಕೊಡುಗೆಯ ಮಾತು ಬಂದಾಗ ತ್ರಿಶಲಾ ಅವರು, "ನಿವೃತ್ತಿ ಪಗಾರಕ್ಕ ಆತು, ಗುರುವಾರಕ್ಕ ಅಲ್ಲ" ಎಂದು ನಕ್ಕರು. ಅವರಿಗೆ ಆಯುರಾರೋಗ್ಯಗಳು ನಿಡುಗಾಲ ಒದಗಲಿ. ಅವರ ಕೈಯಲ್ಲಿ ಬೆಳೆದ ವೈದ್ಯರೂ ಅವರಿಂದ ಬದುಕಿದ ಹೆಣ್ಣುಮಕ್ಕಳೂ ಇನ್ನೂ ಅನೇಕ ಗುರುವಾರಗಳ ಮುಂಜಾನೆ, ಬೇಗ ಬೇಗ ಹೆಜ್ಜೆ ಹಾಕುತ್ತ ಚಿಕಿತ್ಸಾಲಯದ ಬಾಗಿಲನ್ನು ಹೊಗುವ ಅವರನ್ನು ಕಾಣುತ್ತಿರಲಿ.