ಕರೆಗಂಟೆ ಒತ್ತುವ ಮಿಷನರಿ

ಮಾರ್ಮನ್ ಎಂಬ ಕ್ರೈಸ್ತ ಸಭೆಯ ಈ ಯುವ ಮಿಷನರಿ ಪರದೇಶಕ್ಕೆ ಬಂದು ಹದಿನಾಲ್ಕು ತಿಂಗಳಾಯಿತು. ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಪಕ್ಕದಲ್ಲಿ ಸದಾ ಒಬ್ಬ ಜೊತೆಗಾರ. ಒಬ್ಬರು ಇನ್ನೊಬ್ಬರ ಕಣ್ಣಳತೆ ದಾಟುವಂತಿಲ್ಲ ಎಂಬುದು ಸಭೆಯ ನಿಯಮ. ಮನೆಮನೆಯ ಕರೆಗಂಟೆಯನ್ನು ಅವನು ಮಲಗಿದ ಮಗುವಿನ ಕೆನ್ನೆ ಮುಟ್ಟುವಷ್ಟು ಮೆಲ್ಲಗೆ ಒತ್ತುತ್ತಾನೆ. ‘ಯಾರೂ ಇಲ್ಲ ಅನ್ಸುತ್ತೆ, ಬಾ’ ಎಂದು ಹೊರಳಿದರೆ ಜೊತೆಗಾರ, ‘ಬೆಲ್ ಇನ್ನೂ ಆಗೇ ಇಲ್ಲ ಕಣೋ’ ಎನ್ನುತ್ತಾನೆ. ಮನೆಯವರು ಬೈದು ಬಾಗಿಲು ಹಾಕಿಕೊಂಡರೆ ಅವನಿಗೆ ನೆಮ್ಮದಿ. ಒಳಗೆ ಕರೆದರೆ ಜೊತೆಗಾರನನ್ನೇ ಮುಂದೆ ಬಿಡುತ್ತಾನೆ. ಆದರೂ ‘ಇದು ಸತ್ಯ ಅಂತ ನನಗೆ ಗೊತ್ತು’ ಎಂಬ ಸಾಕ್ಷಿಯನ್ನು ದಿನಕ್ಕೆ ಇಪ್ಪತ್ತು ಸಲ ತಡವರಿಸದೆ ಹೇಳುತ್ತಾನೆ. ಅದನ್ನು ನಂಬಿದವರು ಇದುವರೆಗೆ ಒಬ್ಬರೇ, ಬೀದಿಯ ಕೊನೆಯ ಅಂಗಡಿಯ ದರ್ಜಿ. ಭಾನುವಾರ ಅವರನ್ನು ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ. ಅದಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಹೆಂಡತಿ ಮಗಳ ಮನೆ ಸೇರಿದ್ದಾಳೆ. ನಿನ್ನೆ ದೀಕ್ಷೆಗೆ ತೊಡುವ ತಮ್ಮ ಬಿಳಿ ಉಡುಪನ್ನು ತಾವೇ ಹೊಲಿಯುತ್ತ ದರ್ಜಿ ಹೇಳಿದರು: ‘ನನಗಿನ್ನೂ ಏನೂ ಗಟ್ಟಿಯಾಗಿ ತಿಳೀತಿಲ್ಲ ತಮ್ಮಾ. ನಿನಗೆ ಗೊತ್ತಲ್ಲ, ಅಷ್ಟು ಸಾಕು. ಗೊತ್ತು ತಾನೇ?’ ‘ಗೊತ್ತಾಗಲಿ ಅಂತ ದಿನಾ ಬೇಡ್ಕೊಳ್ತೀನಿ ಯಜಮಾನರೇ’ ಎಂದ ಅವನು. ಹೊಲಿಗೆ ಯಂತ್ರ ನಿಂತಿತು. ‘ಹೊರಡೋವಾಗ ನನ್ನ ಹೆಂಡತಿನೂ ಅವನಿಗಾದ್ರೂ ಗೊತ್ತಾ ಅಂತ ಕೇಳಿದ್ಳು’ ಎಂದರು ದರ್ಜಿ. ‘ಆ ಹುಡುಗನಿಗೆ ಗೊತ್ತು ಅಂತ ನಾನು ಅವಳಿಗೆ ಆಣೆ ಮಾಡಿ ಹೇಳಿದೆ.’