ಚಾರ್ಟಿನಲ್ಲಿ ಬಿಟ್ಟ ಸಾಲು

ಬೆಳಿಗ್ಗೆ ಬಚ್ಚಲಲ್ಲಿ ಹಂಡೆ ಉಜ್ಜಲೆಂದು ಒದ್ದೆ ತೆಂಗಿನ ಸಿಪ್ಪೆ ಕೈಗೆತ್ತಿಕೊಂಡೆ. ಅದರ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹಂಡೆ ಮರೆತುಹೋಯಿತು. ಕಣ್ಣ ಮುಂದೆ ಹಳೆಯ ದಿನಗಳ ಮಂಜು, ಅದರೊಳಗೆ ಯಾರೋ ನಾಲ್ಕೈದು ಜನ ಕಾಫಿ ಗಿಡಗಳ ಕಾಂಡ ಉಜ್ಜುತ್ತಿದ್ದಾರೆ. ಮುಖ ಕಾಣುವುದಿಲ್ಲ, ಸರಸರ ಸದ್ದೊಂದೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿ ಹತ್ತಿರದ ಎಸ್ಟೇಟೊಂದರಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರ್. ಕಾಂಡಕೊರಕ ಹುಳುವಿನ ಮೇಲೆ ಪ್ರಯೋಗ ಮಾಡಲು ಒಬ್ಬ ಸಂಶೋಧಕರು ಬಂದಿದ್ದರು, ನಮಗೆಲ್ಲ ಅವರು ಸಾಹೇಬರು. ಸಡಿಲ ತೊಗಟೆಯನ್ನು ತೆಂಗಿನ ಸಿಪ್ಪೆಯಿಂದ ಉಜ್ಜಿ ತೆಗೆದರೆ ಹುಳುವಿಗೆ ಮೊಟ್ಟೆಯಿಡಲು ಸಂದು ಸಿಗದು ಎಂದು ಅವರು ಕಂಡುಕೊಂಡಿದ್ದರು. ಬೆಳೆಗಾರರ ಸಭೆಗಾಗಿ ಅದನ್ನೆಲ್ಲ ದೊಡ್ಡ ಚಾರ್ಟಿನಲ್ಲಿ ಬರೆಯುವ ಕೆಲಸ ನನಗೆ ಬಂತು. ಓದಿದ್ದು ಹೈಸ್ಕೂಲು, ಅಕ್ಷರ ಮಾತ್ರ ದುಂಡಗೆ. ಅದರ ಜಂಬ ಕೇಳಬೇಡಿ.

"ಜನ ನಿಂತ್ಕೊಂಡು ಓದ್ತಾರಪ್ಪ, ಚುಟುಕಾಗಿರಲಿ. ಕೊನೇ ಸಾಲು ಮಾತ್ರ ಬಿಡಬೇಡಿ," ಎಂದಿದ್ದರು ಸಾಹೇಬರು. ಹುಳು ಆಗಲೇ ಹೊಕ್ಕ ಗಿಡಕ್ಕೆ ಉಜ್ಜಿ ಫಲವಿಲ್ಲ, ಕಿತ್ತು ಸುಡಬೇಕು ಎಂಬುದು ಆ ಸಾಲು. ನಾನೋ, ಸುತ್ತ ಹೂಬಳ್ಳಿಯ ಅಂಚು ಬರೆದು, ಗಿಡದ ಚಿತ್ರಕ್ಕೆ ಬಣ್ಣ ತುಂಬಿ, ಕೆಳಗೆ ಬರುವಷ್ಟರಲ್ಲಿ ಜಾಗ ಮುಗಿದಿತ್ತು. ಬಳ್ಳಿ ಅಳಿಸಲು ಮನಸ್ಸಾಗಲಿಲ್ಲ. ಸಾಲನ್ನೇ ಬಿಟ್ಟೆ. ಸಭೆಯ ದಿನ ಸಾಹೇಬರು ಜ್ವರದಲ್ಲಿ ಮಲಗಿದ್ದರು. ಚಾರ್ಟು ನೋಡಲೇ ಇಲ್ಲ. ನೋಡಿದವರೆಲ್ಲ ಬಳ್ಳಿಯನ್ನು ಹೊಗಳಿದರು.

ಎರಡು ವರ್ಷ ಕಳೆದು ಭಾಗಮಂಡಲ ಕಡೆಯ ಸಣ್ಣ ಬೆಳೆಗಾರ ಪೂವಯ್ಯ ಹುಡುಕಿಕೊಂಡು ಬಂದರು.

"ರೈಟರ್ರೇ, ನಿಮ್ಮ ಚಾರ್ಟ್ ನೋಡಿ ಉಜ್ಜಿದ್ದೇ ಉಜ್ಜಿದ್ದು. 'ಗಿಡಕ್ಕೆ ಎಣ್ಣೆಸ್ನಾನವನ್ನೂ ಮಾಡ್ಸಿಬಿಡಿ' ಅಂತ ಹೆಂಡತಿ ನಗಾಡಿದ್ಳು. ಹುಳು ಹೊಕ್ಕು ಹಳದಿ ತಿರುಗಿದ ಗಿಡವನ್ನೂ ಕೀಳದೆ ಉಜ್ಜಿದೆ. ಅದರಿಂದ ಪಕ್ಕದ್ದಕ್ಕೆ ಹತ್ತಿ ಈಗ ತೋಟವೇ ಹೋಯ್ತು. ಕೀಳ್ಬೇಕೂಂತ ಸಾಹೇಬ್ರು ಹೇಳಿಯೇ ಇಲ್ವಾ?"

"ಅವರು ಕೊಟ್ಟದ್ದನ್ನೇ ಬರೆದೆ," ಎಂದೆ.

"ಹಾಗಾದ್ರೆ ನಿಮ್ಮದೇನು ತಪ್ಪು ಮಾರಾಯ್ರೇ," ಎಂದು ನನ್ನನ್ನೇ ಸಮಾಧಾನ ಮಾಡಿ ಹೊರಟರು. ಸಾಹೇಬರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಊರಿನ ಬೈಗುಳವೆಲ್ಲ ಅವರ ಹೆಸರಿಗೆ ಅಂಟಿತು. ನಾನು ಕೇಳುತ್ತ ತಲೆಯಾಡಿಸುತ್ತಿದ್ದೆ.

ಇಂದು ಹಂಡೆ ಅರ್ಧ ಬೆಳಗಿ, ಅರ್ಧ ಮಸಿಯಾಗಿಯೇ ಉಳಿಯಿತು. ಪೂವಯ್ಯ ಈಗಿಲ್ಲ, ಅವರ ಮಗನಿಗೆ ಕಾಗದ ಬರೆಯಲು ಕೂತೆ. ನಿಮ್ಮಪ್ಪನಿಗೆ ನಾನು ಸುಳ್ಳು ಹೇಳಿದೆ, ಕೀಳಬೇಕೆಂದು ಸಾಹೇಬರು ಹೇಳಿದ್ದರು, ಆ ಸಾಲು ಬಿಟ್ಟವನು ನಾನು ಎಂದು ಬರೆದೆ. ದುಂಡಗಿದ್ದ ಅಕ್ಷರಗಳು ಈಗ ಒಂದರ ಮೇಲೊಂದು ಒರಗಿವೆ. ಜಾಗ ಸಾಲದೆ ಹೋದಾಗ ಹಾಳೆ ತಿರುವಿ, ಹಿಂಬದಿಯಲ್ಲಿ ಮುಂದುವರಿಸಿದೆ.