ಮೀನು ಹಿಡಿಯದ ದೋಣಿ

ನಾನು ಹುಟ್ಟಿ ಬೆಳೆದದ್ದು ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಸಮುದ್ರ ಅಷ್ಟೇನೂ ದೂರವಿರಲಿಲ್ಲ, ಆದರೂ ಅದು ನಮ್ಮದಾಗಿರಲಿಲ್ಲ. ವರ್ಷಕ್ಕೊಮ್ಮೆ ಹೋಗಿ ಕಾಲು ತೋಯಿಸಿಕೊಂಡು ಬರುತ್ತಿದ್ದೆವು, ಅಷ್ಟೇ. ನನ್ನ ಗಂಡನದು ಗಂಗೊಳ್ಳಿ. ಅವರ ಅಪ್ಪ ಮೀನುಗಾರರು, ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಮಗ ಮಾತ್ರ ದೋಣಿ ಬೇಡವೆಂದು ಬಹರೈನಿಗೆ ಬಂದು, ಟುಬ್ಲಿಯ ಒಂದು ಗ್ಯಾರೇಜಿನಲ್ಲಿ ಗುದ್ದಿಸಿಕೊಂಡ ಕಾರುಗಳ ಡೆಂಟ್ ತೆಗೆದು ಬಣ್ಣ ಹೊಡೆಯುವ ಕೆಲಸಕ್ಕೆ ನಿಂತರು. ಮದುವೆಯಾದ ಮೇಲೆ ನಾನೂ ಬಂದೆ. ನನಗೆ ಸೀಫ್ ಬಡಾವಣೆಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು.

ಆ ಆಫೀಸಿನಲ್ಲಿದ್ದ ಗೆಳತಿಯೊಬ್ಬಳು ಕೆಲಸ ಬಿಟ್ಟು ಊರಿಗೆ ಹೊರಟಾಗ ತನ್ನ ಕ್ಯಾಮೆರಾವನ್ನು ನನ್ನ ಕೈಗಿಟ್ಟು ಹೋದಳು. ಫೋನಿನಲ್ಲೇ ಎಲ್ಲರೂ ಫೋಟೋ ತೆಗೆಯುವ ಕಾಲ ಇನ್ನೂ ಬಂದಿರಲಿಲ್ಲ. ನಾನು ಮೊದಮೊದಲು ಬಾಲ್ಕನಿಗೆ ಬರುವ ಗುಬ್ಬಿಗಳನ್ನು ತೆಗೆದೆ, ಆಮೇಲೆ ಪಾರ್ಕಿನ ಬುಲ್‌ಬುಲ್‌ಗಳನ್ನು. ಒಂದು ಚಳಿಗಾಲದ ಬೆಳಿಗ್ಗೆ ಟುಬ್ಲಿ ಕೊಲ್ಲಿಯ ಪಕ್ಕದ ರಸ್ತೆಯಲ್ಲಿ ಹೋಗುವಾಗ, ನೀರಿಳಿದ ಕೆಸರಿನ ಆಚೆ ಫ್ಲೆಮಿಂಗೊಗಳ ಸಾಲು ಕಂಡಿತು. ಕಾರು ನಿಲ್ಲಿಸಿ ಫೋಟೋ ತೆಗೆದದ್ದೇ ತೆಗೆದದ್ದು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ, ಗಂಡ ಕನ್ನಡಕ ಮೇಲೆ ಕೆಳಗೆ ಮಾಡಿ ಕೇಳಿದರು, "ಇದ್ ಹಕ್ಕಿಯಾ, ಲೆನ್ಸಿಗ್ ಹತ್ತಿದ್ ಕಲೆಯಾ?"

ನಾನು ಮುಖ ಊದಿಸಿಕೊಂಡೆ. ಅವರಿಗೆ ಪಾಪ ಅನಿಸಿರಬೇಕು. "ದಡದಿಂದ ಆಪ್ದಲ್ಲ ಮಾರಾಯ್ತಿ. ಅದ್ಕೆ ಸಣ್ಣ ದೋಣಿ ಬೇಕ್" ಅಂದರು. ಅಂದದ್ದು ಸಮಾಧಾನಕ್ಕೆ. ಆದರೆ ಒಂದು ತಿಂಗಳೊಳಗೆ ದೋಣಿ ಬಂದೇಬಿಟ್ಟಿತು.

ಗ್ಯಾರೇಜಿನ ಯಜಮಾನರು ಬಹರೈನಿನವರೇ. ಅವರ ತಮ್ಮನ ಮನೆಯ ಹಿಂದೆ ಒಂದು ಸಣ್ಣ ಫೈಬರ್ ದೋಣಿ ಮಗುಚಿ ಬಿದ್ದು ವರ್ಷಗಳಾಗಿದ್ದವು. ನನ್ನ ಗಂಡ ಕೇಳಿದರು, ಅವರು ತೆಗೆದುಕೊಂಡು ಹೋಗು ಅಂದರು. ಪಿಕಪ್ಪಿನಲ್ಲಿ ಅದು ಗ್ಯಾರೇಜಿನ ಹಿಂದಿನ ಜಾಗಕ್ಕೆ ಬಂದ ಸಂಜೆ ನಾನು ಆಫೀಸಿನಿಂದ ನೇರ ಅಲ್ಲಿಗೇ ಹೋದೆ. ಬಿಸಿಲಿಗೆ ಅದರ ಮೈಯೆಲ್ಲ ಬಿರಿದಿತ್ತು. ಎಂಜಿನ್ ಕೂರಿಸುವ ಹಿಂಬದಿಯ ಹಲಗೆ ಕೊಳೆತು, ಬೆರಳು ಒತ್ತಿದರೆ ನೆನೆದ ಅವಲಕ್ಕಿಯ ಹಾಗೆ ಒಳಗೆ ಹೋಗುತ್ತಿತ್ತು. ಗಂಡನ ಮುಖ ಮಾತ್ರ ಹೊಸ ಕಾರು ತಂದವರ ಹಾಗೆ ಅರಳಿತ್ತು. ದೋಣಿ ಬೇಡವೆಂದು ಕಡಲು ದಾಟಿ ಬಂದ ಮನುಷ್ಯ ಇವರೇನಾ ಎಂದು ನನಗೆ ನಗು ಬಂತು.

ಅದೇ ವಾರ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಮಾವ ಕಾಯಿಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗನ ಸಂಸಾರ ನೋಡಬೇಕೆಂದು ಮೊದಲ ಸಲ ವಿಮಾನ ಹತ್ತಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋದರೆ ಫ್ಲಾಟಿನಲ್ಲಿ ಅವರೊಬ್ಬರೇ. ಟಿವಿ ಅವರಿಗೆ ಹಿಡಿಸುತ್ತಿರಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿ, "ಇಲ್ಲ್ ಯಾರೂ ಯಾರತ್ರೂ ಮಾತಾಡುದೇ ಇಲ್ಯಲ್ಲಾ" ಎಂದು ಕೊರಗುತ್ತಿದ್ದರು. ಹಾಗಾಗಿ ಶುಕ್ರವಾರ ನಾವು ದೋಣಿ ಕೆಲಸಕ್ಕೆ ಹೊರಟಾಗ ಅವರೂ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ದೋಣಿಯನ್ನು ಒಂದು ಸುತ್ತು ಬಂದು ನೋಡಿದರು. "ಇದ್ ದೋಣಿಯಾ? ಮುರ್ಕ್ ತೊಟ್ಲ್ ಕಂಡಾಂಗಿತ್ತ್."

"ಸರಿ ಮಾಡ್ತೆ ಅಮ್ಮ" ಎಂದರು ಮಗ.

"ಬಲೆ ಎಲ್ಲಿತ್ತ್?"

"ಬಲೆ ಇಲ್ಲೆ. ಮೀನ್ ಹಿಡುಕಲ್ಲ. ಇವ್ಳಿಗ್ ಹಕ್ಕಿ ಫೋಟೋ ತೆಗುಕೆ."

ಅತ್ತೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ನಗು ನಿಂತ ಮೇಲೆ, "ಹಕ್ಕಿ ಊರಗೆ ಇಲ್ಯಾ ಹೆಣೆ? ನಮ್ಮನಿ ಹಿಂದ್ ಬೆಳ್ಳಕ್ಕಿ ರಾಶಿ ಕೂಕಂತ್ತ್" ಅಂದರು. ಆ ದಿನದಿಂದ ಅದಕ್ಕೆ ಅವರ ಬಾಯಲ್ಲಿ ಹಕ್ಕಿದೋಣಿ ಎಂದೇ ಹೆಸರಾಯಿತು.

ಕೆಲಸ ಎರಡು ತಿಂಗಳ ಮೇಲೆ ಹಿಡಿಯಿತು. ಕೊಳೆತ ಹಲಗೆಯನ್ನು ಗಂಡ ಪೂರ್ತಿ ಕೆತ್ತಿ ತೆಗೆದು, ಹೊಸ ಪ್ಲೈವುಡ್ ಕೂರಿಸಿ, ಅದರ ಮೇಲೆ ಫೈಬರಿನ ಚಾಪೆ ಹಾಸಿ ರೆಸಿನ್ ಅಂಟು ಬಳಿದರು. ಬಿರುಕುಗಳನ್ನು ಉಜ್ಜಿ ತುಂಬುವ ಕೆಲಸ ನನ್ನದು. ಆ ಪುಡಿ ಮೈಗೆ ತಾಗಿದರೆ ತುರಿಕೆ ಎಂದರೆ ತುರಿಕೆ. ಮೊದಲ ದಿನ ನಾನು ತೋಳು ಕೆರೆದುಕೊಂಡು ಅಳುವ ಹಾಗಾಗಿದ್ದೆ. ಅತ್ತೆ ಮನೆಗೆ ಬಂದದ್ದೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿದರು. "ನಿಂಗ್ ಈ ಹುಚ್ಚ್ ಯಾರ್ ಹಿಡ್ಸಿದ್?" ಎಂದು ಕೇಳುತ್ತ ಹಚ್ಚಿದರು. ಅವರ ಅಂಗೈ ಒರಟಾಗಿತ್ತು. ನನ್ನ ಅಮ್ಮ ಹೋದ ಮೇಲೆ ಹಾಗೆ ನನ್ನ ಕೈಗೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ತುರಿಕೆ ಕಡಿಮೆಯಾಯಿತೋ ಇಲ್ಲವೋ ನೆನಪಿಲ್ಲ. ಮರುದಿನ ಸುಮ್ಮನೆ ಇನ್ನೊಮ್ಮೆ ಕೈ ಚಾಚಿದ್ದಂತೂ ನೆನಪಿದೆ.

ಗ್ಯಾರೇಜಿನಲ್ಲಿ ಅತ್ತೆಗೊಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಯಜಮಾನರು ಬಂದಾಗೆಲ್ಲ "ಮಾಜೀ, ಕೈಸಾ ಹೈ?" ಎಂದು ಕೇಳುವರು, ಅತ್ತೆ ಕನ್ನಡದಲ್ಲೇ ತಮ್ಮ ಮೊಣಕಾಲಿನ ನೋವಿನ ಕಥೆಯನ್ನೆಲ್ಲ ಹೇಳುವರು. ಅವರು ಪೂರ್ತಿ ಕೇಳಿ "ಇನ್ಶಾಲ್ಲಾ, ಅಚ್ಛಾ ಹೋಗಾ" ಎಂದು ಹೋಗುವರು. ಅತ್ತೆಗೆ ಆ ಮನುಷ್ಯನ ಮೇಲೆ ಬಹಳ ಗೌರವ. ಹೀಗೆ ಮಾತಾಡುತ್ತ, ಚಹಾ ಬಗ್ಗಿಸಿ ಕೊಡುತ್ತ, ಬ್ರಶ್ ತೊಳೆಯುತ್ತ ಇರುತ್ತಿದ್ದರು. ಆದರೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಅವರು ದೋಣಿಯನ್ನು ಮುಟ್ಟುತ್ತಿರಲಿಲ್ಲ. ಅದರ ಹಗ್ಗ ನೆಲದ ಮೇಲೆ ಬಿದ್ದಿದ್ದರೆ ದಾಟುತ್ತಿರಲಿಲ್ಲ, ಸುತ್ತಿ ಬರುತ್ತಿದ್ದರು.

ಒಂದು ದಿನ ಕೇಳಿದೆ.

"ನಮ್ಮನಿ ಹೆಂಗ್ಸರ್ ದೋಣಿ ಹತ್ತುಕಾಗ" ಅಂದರು, ಚಹಾದ ಲೋಟ ಒರೆಸುತ್ತ.

"ಯಾವತ್ತೂ ಹತ್ಲಿಲ್ಯಾ ಅತ್ತೆ? ಒಂದ್ಸಲವೂ?"

"ಹೊಳಿ ದಾಟುಕೆ ಹತ್ತಿದ್ದೆ. ಕಡಲಿಗೆ ಇಲ್ಲೆ."

"ಯಾಕೆ?"

"ಯಾಕ್ ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಮೀನ್ ಬಂದ್ರೆ ಸಾಕಿತ್ತ್."

ದೋಣಿ ತಂದ ಮೀನು ಮಾರಿ ಮಕ್ಕಳನ್ನು ಸಾಕಿದ ಹೆಂಗಸು, ಅದೇ ದೋಣಿಯಲ್ಲಿ ಕುಳಿತು ಒಂದು ಸಲವೂ ಕಡಲಿಗೆ ಹೋದವರಲ್ಲ. "ನಾನ್ ಕೂಕಂತೆ ಅಲ್ದಾ ಇದ್ರಲ್ಲಿ? ಅದಕ್ಕೆ ಅಡ್ಡಿ ಇಲ್ಯಾ?" ಎಂದೆ, ಸ್ವಲ್ಪ ಬಿಗಿಯಾಗಿಯೇ.

ಅವರು ಯೋಚಿಸಿ ಹೇಳಿದರು, "ನೀನ್ ಕೂಕೋ. ನಿನ್ನ್ ದೋಣಿ ಮೀನ್ ಹಿಡುದಲ್ಲ ಅಲ್ದಾ."

ಬಣ್ಣದ ವಿಷಯಕ್ಕೆ ಗಂಡನಿಗೂ ನನಗೂ ಜಗಳವೇ ಆಯಿತು. ಅವರಿಗೆ ಊರಿನ ದೋಣಿಗಳ ಹಾಗೆ ಗಾಢ ನೀಲಿ, ಅದಕ್ಕೆ ಕೆಂಪು ಪಟ್ಟಿ ಬೇಕು. ನನಗೆ ಹಕ್ಕಿಗಳು ಬೆದರದ ಕೆಸರಿನ ಬಣ್ಣ ಬೇಕು. "ನಾನ್ ಬಣ್ಣ ಹೊಡುವವ, ನಂಗ್ ಗೊತ್ತಿತ್ತ್" ಎಂದು ಅವರು, "ಫೋಟೋ ತೆಗೆಯುವವಳು ನಾನು" ಎಂದು ನಾನು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಊಟಕ್ಕೆ ಬಡಿಸುತ್ತ ಅತ್ತೆ ತೀರ್ಪು ಕೊಟ್ಟರು. "ಹಕ್ಕಿಗ್ ಕಾಣುದ್ ಹೊರಗಿಂದ್. ನಿಮಗ್ ಕಾಣುದ್ ಒಳಗಿಂದ್. ಹೊರಗೆ ಕೆಸ್ರ್ ಬಣ್ಣ ಹೊಡಿ, ಒಳಗೆ ನೀಲಿ ಹೊಡಿ. ಈಗ ಇಬ್ರೂ ಉಣ್ಣಿ." ಹಾಗೇ ಆಯಿತು. ಕೆಂಪು ಪಟ್ಟಿಯನ್ನು ಗಂಡ ಒಳಗಡೆ, ನಾನು ಕೂರುವ ಹಲಗೆಯ ಅಂಚಿಗೆ ಎಳೆದರು.

ಹಳೆಯ ಸಣ್ಣ ಎಂಜಿನ್ ಒಂದು ಸಿಕ್ಕಿತು. ಕಾಗದಪತ್ರ, ಪರವಾನಗಿ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮೀನುಗಾರರು ದೋಣಿ ಕಟ್ಟುವ ಧಕ್ಕೆಯ ಪಕ್ಕದ ಇಳಿಜಾರಿನಲ್ಲಿ ದೋಣಿ ಇಳಿಸಿದೆವು. ಅತ್ತೆ ತೆಂಗಿನಕಾಯಿ ಒಡೆಸಿ, ದೂರದಿಂದಲೇ ಕುಂಕುಮ ಎರಚಿದರು. ನಾವಿಬ್ಬರೂ ಹತ್ತಿದೆವು. ಇನ್ನೂ ಎಂಜಿನಿನ ಹಗ್ಗ ಎಳೆದಿರಲಿಲ್ಲ, ನನ್ನ ಪಾದ ತಣ್ಣಗಾಯಿತು. ನೋಡಿದರೆ ದೋಣಿಯೊಳಗೆ ನೀರು. ಹೆದರಿ ಕ್ಯಾಮೆರಾದ ಚೀಲವನ್ನು ತಲೆಯ ಮೇಲಿಟ್ಟುಕೊಂಡೆ.

"ಬಿರಡೆ! ಬಿರಡೆ ಹಾಕ್ಲಿಲ್ಲ!" ಎಂದು ಗಂಡ ಕೂಗಿದರು. ತಳದಲ್ಲಿ ನೀರು ಬಸಿಯಲು ಇರುವ ತೂತನ್ನು ಮುಚ್ಚುವುದನ್ನೇ ಮರೆತಿದ್ದರು. ಬಿರಡೆ ಅವರ ಅಂಗಿಯ ಜೇಬಿನಲ್ಲಿತ್ತು.

ಅಷ್ಟರಲ್ಲಿ ಅತ್ತೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೊಣಕಾಲುದ್ದ ನೀರಿಗೆ ಇಳಿದು ಬಂದಿದ್ದರು. ಎರಡೂ ಕೈಯಲ್ಲಿ ದೋಣಿಯ ಅಂಚನ್ನು ಹಿಡಿದು, "ಎಳಿ! ಎಂತ ಕಾಣ್ತಾ ನಿಂತಿದ್ದೆ, ಎಳಿ!" ಎಂದು ಮಗನಿಗೆ ಗದರುತ್ತ ದಡದ ಕಡೆ ಜಗ್ಗಿದರು. ಧಕ್ಕೆಯಲ್ಲಿದ್ದ ಇಬ್ಬರು ಓಡಿ ಬಂದು ಕೈ ಕೊಟ್ಟರು. ದೋಣಿ ದಡಕ್ಕೆ ಬಂದ ಮೇಲೆ ಅತ್ತೆ ತಮ್ಮ ಒದ್ದೆ ಅಂಗೈ ನೋಡಿಕೊಂಡರು. ಅದಕ್ಕೆ ಒಂದಿಷ್ಟು ಕೆಸರು ಬಣ್ಣ ಹತ್ತಿತ್ತು. ಸೀರೆಗೆ ಒರೆಸಿಕೊಂಡು, "ಬಣ್ಣ ಸಮ ಒಣಗ್ಲಿಲ್ಲ" ಎಂದರು.

ಮುಂದಿನ ಶುಕ್ರವಾರ ಬಿರಡೆ ಹಾಕಿಯೇ ಇಳಿಸಿದೆವು. ಎಲ್ಲ ಸರಿಯಾಗಿತ್ತು. ನಾನು ಹತ್ತಿ ಕುಳಿತೆ. ಗಂಡ ದೂಡಲು ನಿಂತರು. ಆಗ ಅತ್ತೆ ಚಪ್ಪಲಿ ಬಿಟ್ಟು, ಕೊಡೆಯನ್ನು ಕಾರಿನಲ್ಲಿಟ್ಟು ಬಂದು, "ಸ್ವಲ್ಪ ದೂರ ಮಾತ್ರ" ಅಂದರು.

ಗಂಡ ಅವರಿಗೆ ಲೈಫ್ ಜಾಕೆಟ್ ತೊಡಿಸಿದರು. ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ನನ್ನ ಕೈಯಲ್ಲಿ. ಹತ್ತುವ ಮುಂಚೆ ದೋಣಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕುಳಿತ ಮೇಲೂ ನನ್ನ ಕೈ ಬಿಡಲಿಲ್ಲ. ಅವರ ಉಗುರು ನನ್ನ ಅಂಗೈಗೆ ನಾಟುತ್ತಿತ್ತು.

ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಹತ್ತಿರ ಬಂದಾಗ ಗಂಡ ಎಂಜಿನ್ ನಿಲ್ಲಿಸಿ, ಅಲ್ಯೂಮಿನಿಯಂ ಪೈಪೊಂದನ್ನು ಕೆಸರಿಗೆ ಊರಿ ಮೆಲ್ಲಗೆ ದೂಡತೊಡಗಿದರು. ಸದ್ದಿಲ್ಲ. ಆಗ ಅತ್ತೆ ನನ್ನ ಕೈ ಬಿಟ್ಟು ನೀರಿಗೆ ಬೆರಳಿಟ್ಟರು. ಆಮೇಲೆ ಹಿಂದೆ ತಿರುಗಿ ದಡ ನೋಡಿದರು. ಬಹಳ ಹೊತ್ತು ನೋಡಿದರು.

"ಆ ಧಕ್ಕೆ ಮೇಲೆ ಜನ ಇದ್ರಲ್ಲಾ, ಅವ್ರೆಲ್ಲ ಎಲ್ಲಿ?" ಎಂದು ಕೇಳಿದರು.

"ಅಲ್ಲೇ ಇದ್ರ್ ಅಮ್ಮ. ಇಷ್ಟ್ ದೂರಕ್ಕೆ ಕಾಣುದಿಲ್ಲ."

ಅತ್ತೆ ದಡ ನೋಡುತ್ತಲೇ ಮೆತ್ತಗೆ ಹೇಳಿದರು. "ನಿನ್ನಪ್ಪ ಹೊರಟ ದಿನೆಲ್ಲ ನಾನ್ ದಡದ್ ಮೇಲೆ ನಿಂತ್ಕಂತಿದ್ದೆ. ದೋಣಿ ಚುಕ್ಕಿ ಆಪುವರೆಗೆ. ಅವ್ರಿಗೆ ನಾ ಕಾಣ್ತೆ ಅಂದ್ಕಂಡಿದ್ದೆ."

ಗಂಡ ಪೈಪನ್ನು ಹಾಗೇ ಊರಿ ನಿಂತರು. ಅವರು ಹುಡುಗನಾಗಿದ್ದಾಗ ಕೆಲವು ಸಲ ಅಪ್ಪನ ಜೊತೆ ಹೋಗಿದ್ದರು ಎಂಬುದು ನನಗೆ ಗೊತ್ತಿತ್ತು. ಅದರ ಬಗ್ಗೆ ಅವರು ಮಾತಾಡಿದ್ದು ಕಡಿಮೆ.

"ಕಾಣ್ತಿರ್ಲಿಲ್ಲ ಅಮ್ಮ" ಎಂದರು. "ತೆಂಗಿನ ಮರ ಮಾತ್ರ ಕಾಣ್ತಿತ್ತ್. ಆದ್ರೂ ಅಪ್ಪ ಪ್ರತಿ ಸಲ ಹಿಂದ್ ತಿರ್ಗಿ, ಅಗಾ ಕಾಣ್, ನಿನ್ನಮ್ಮ ನಿಂತಿದ್ಲ್ ಅಂತಿದ್ರ್. ನಂಗೆ ಎಷ್ಟ್ ಕಂಡ್ರೂ ಕಾಣ್ತಿರ್ಲಿಲ್ಲ. ಹೌದ್ ಅಪ್ಪ ಅಂತಿದ್ದೆ."

ಅತ್ತೆ ಅಳಲಿಲ್ಲ. ನೀರಿನಲ್ಲಿದ್ದ ಬೆರಳನ್ನು ಆಡಿಸುತ್ತ, "ಹಾಂಗ್ ಅಂತಿದ್ರಾ?" ಎಂದರು. ಮತ್ತೊಮ್ಮೆ, "ಪ್ರತಿ ಸಲವಾ?" ಎಂದು ಕೇಳಿದರು. ಮಗ ಹೌದೆಂದು ತಲೆಯಾಡಿಸಿದರು. ನನ್ನ ಕೊರಳಲ್ಲಿ ಕ್ಯಾಮೆರಾ ತೂಗುತ್ತಿತ್ತು. ಅತ್ತೆ ಇನ್ನೂ ದಡದ ಕಡೆಗೇ ತಿರುಗಿ ಕೂತಿದ್ದಾಗ ನಾನು ಒಂದೇ ಒಂದು ಫೋಟೋ ತೆಗೆದೆ. ಅವರಿಗೆ ಗೊತ್ತಾಗಲಿಲ್ಲ.

ಫ್ಲೆಮಿಂಗೊಗಳು ಅಂದು ನಾವಂದುಕೊಂಡದ್ದಕ್ಕಿಂತ ಹತ್ತಿರ ಬಿಟ್ಟುಕೊಂಡವು. ತಲೆಕೆಳಗು ಮಾಡಿ ಕೆಸರು ಸೋಸುತ್ತ, ಒಂದರ ಕಾಲಿಗೆ ಒಂದು ತಾಗದ ಹಾಗೆ ನಡೆಯುತ್ತಿದ್ದವು. ಬಿಸಿಲು ಅವುಗಳ ರೆಕ್ಕೆಯ ಅಡಿಗೆ ಬಿದ್ದಾಗ ಒಳಗಿನ ಕೆಂಪು ಹೊಳೆಯಿತು. ನಾನು ಉಸಿರು ಹಿಡಿದು ತೆಗೆದೆ, ತೆಗೆದೆ. ಅತ್ತೆ ಪಿಸುಗುಟ್ಟಿದರು, "ಕಾಲ್ ಎಂತ ಉದ್ದ! ಮಂಡಿ ನೋವ್ ಬತ್ತಿಲ್ಯಾ ಇದ್ಕೆ?" ನನಗೆ ನಗು ತಡೆಯಲಾಗದೆ ಕ್ಯಾಮೆರಾ ಅಲುಗಿತು. ಆಮೇಲೆ ಒಂದು ನೀರುಕಾಗೆ ಮುಳುಗಿ ಮೀನು ಕಚ್ಚಿಕೊಂಡು ಎದ್ದಾಗ ಮಾತ್ರ ಅವರು ನಿಜವಾಗಿ ಖುಷಿಯಾದರು. "ಕಾಣ್, ಕಾಣ್! ಒಳ್ಳೆ ಮೀನೇ ಸಿಕ್ಕಿತ್ತ್ ಅದ್ಕೆ" ಎಂದು, ಸಂತೆಯಲ್ಲಿ ಮೀನು ನೋಡುವ ಕಣ್ಣಿನಿಂದ ಅದನ್ನು ನೋಡಿದರು. ಸ್ವಲ್ಪ ದೂರ ಎಂದವರು ವಾಪಸ್ ಹೋಗೋಣ ಎಂದು ಒಮ್ಮೆಯೂ ಹೇಳಲಿಲ್ಲ. ನೀರಿಳಿದು ದೋಣಿ ಕೆಸರಿಗೆ ಕೂರುತ್ತದೆಂದು ಗಂಡನೇ ಅವಸರ ಮಾಡಿದರು.

ಆಮೇಲಿನ ಎರಡು ಶುಕ್ರವಾರವೂ ಅವರು ಬಂದರು. ವೀಸಾ ಮುಗಿದು ಊರಿಗೆ ಹೋದ ಕೆಲವು ದಿನಕ್ಕೆ ಫೋನು ಬಂತು. "ಇಲ್ಲ್ ಯಾರೂ ನಂಬುದಿಲ್ಲ ಹೆಣೆ. ಕಡಲಿಗ್ ಹೋಯ್ದೆ ಅಂದ್ರೆ ನಗ್ತ್ರ್. ಫೋಟೋ ಇದ್ರೆ ಕಳ್ಸ್."

ನಾನು ತೆಗೆದಿದ್ದ ಆ ಒಂದು ಫೋಟೋವನ್ನು ದೊಡ್ಡದು ಮಾಡಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. ನನಗೆ ಅದು ಬಹಳ ಇಷ್ಟವಾದ ಚಿತ್ರ. ನೀಲಿ ಬಣ್ಣದ ನಡುವೆ ಅವರ ಬೆನ್ನು, ನೀರಿಗಿಟ್ಟ ಕೈ, ಆಚೆ ಮಸುಕಾದ ದಡ. ಫೋಟೋ ಸೇರಿದ ದಿನವೇ ಮತ್ತೆ ಫೋನು.

"ಇದೆಂತದ್? ಬೆನ್ನ್ ತೆಗ್ದ್ ಕಳ್ಸಿದ್ದೆ. ಮೋರೆ ಕಾಣ್ದಿದ್ರೆ ಇದ್ ನಾನೇ ಅಂತ ಯಾರ್ ನಂಬ್ತ್ರ್?"

"ಇನ್ನೊಂದ್ ತೆಗುಕೆ ನೀವೇ ಬರ್ಕ್ ಅತ್ತೆ" ಎಂದೆ.

ಮರುವರ್ಷ ಚಳಿಗಾಲಕ್ಕೆ ಅವರು ಬಂದರು. ಮೊದಲ ಶುಕ್ರವಾರವೇ ಒಗೆದಿಟ್ಟ ಹಸಿರು ಸೀರೆ ಉಟ್ಟು, ಇಸ್ತ್ರಿ ಸರಿಯಾಗಿಲ್ಲವೆಂದು ಗೊಣಗಿ, ತಿಂಡಿಯ ಡಬ್ಬಿ ಹಿಡಿದು ಧಕ್ಕೆಗೆ ಬಂದರು. ಯಾರ ಕೈಯನ್ನೂ ಹಿಡಿಯದೆ ಹತ್ತಿ, ಕೆಂಪು ಪಟ್ಟಿಯ ಹಲಗೆಯ ಮೇಲೆ ನನ್ನ ಜಾಗದಲ್ಲೇ ಕುಳಿತರು. ಅಂದು ಫ್ಲೆಮಿಂಗೊಗಳು ಒಂದೂ ಇರಲಿಲ್ಲ. ಅವರಿಗೆ ಅದರ ಚಿಂತೆಯೂ ಇರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ನನ್ನ ಕಡೆ ತಿರುಗಿ, "ಹ್ಞೂಂ, ಈಗ ತೆಗಿ. ನೀರೂ ಬರ್ಕ್, ಮೋರೆಯೂ ಬರ್ಕ್" ಎಂದರು.